ಜುಲೈನಲ್ಲಿ ಶ್ರೀಲಂಕಾ: ಪೂರ್ವ ಕರಾವಳಿ ಹಿಡಿಯಿರಿ

ಜುಲೈ ಕೊನೆಗೆ ಚಿಕ್ಕ ಮಕ್ಕಳ ಜೊತೆ ಶ್ರೀಲಂಕಾಗೆ ಹೋಗಬಹುದಾ, ಇಲ್ಲ ಮಳೆ ಅಂತ ಡಿಸೆಂಬರ್‌ಗೆ ಮುಂದೂಡಬೇಕಾ ಅಂತ ಕೇಳಿದ್ದೀರಿ. ಮುಂದೂಡಬೇಡಿ, ಕರಾವಳಿ ಬದಲಿಸಿದರೆ ಸಾಕು.

ಮೇಯಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮುಂಗಾರು ಸುರಿಯುವುದು ಪಶ್ಚಿಮ, ದಕ್ಷಿಣ ಕರಾವಳಿಯ ಕೊಲಂಬೊ, ಗಾಲೆ, ಮಿರಿಸ್ಸಾ ಕಡೆ. ನಡುವಿನ ಬೆಟ್ಟಸಾಲು ಮೋಡ ತಡೆಯುವುದರಿಂದ ಪೂರ್ವ ಕರಾವಳಿಯ ಟ್ರಿಂಕೋಮಲಿ, ಪಾಸಿಕುಡಾದಲ್ಲಿ ಬಿಸಿಲು, ಸಮುದ್ರವೂ ಶಾಂತ. ಪಾಸಿಕುಡಾದಲ್ಲಿ ದಡದಿಂದ ಬಹಳ ದೂರ ಹೋದರೂ ನೀರು ಆಳವಿರುವುದಿಲ್ಲ, ನಿಮ್ಮ ಮಕ್ಕಳಿಗೆ ಅದೇ ಸರಿ. ಪಶ್ಚಿಮದಲ್ಲಿ ಬಿಸಿಲು ಬಿದ್ದ ದಿನವೂ ಅವರನ್ನು ನೀರಿಗೆ ಬಿಡಬೇಡಿ. ಮಳೆ ನಿಂತರೂ ಒಳಸೆಳೆತ ನಿಂತಿರುವುದಿಲ್ಲ.

ಕೊಲಂಬೊದಿಂದ ಪೂರ್ವಕ್ಕೆ ಹೋಗುವ ದಾರಿಯಲ್ಲೇ ಸಿಗಿರಿಯಾ ಎಂಬ ಬಂಡೆಕೋಟೆ. ಸುಮಾರು 1,200 ಮೆಟ್ಟಿಲು, ಮೇಲೆ ನೆರಳೇ ಇಲ್ಲ, ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹತ್ತಿ. ಪಕ್ಕದ ಮಿನ್ನೇರಿಯಾ ಕೆರೆಯಲ್ಲಿ ನೀರು ಇಳಿದು ಅಂಚಿನಲ್ಲಿ ಹುಲ್ಲು ಚಿಗುರಿದಾಗ ಆನೆಗಳು ಹಿಂಡುಹಿಂಡಾಗಿ ಸೇರುತ್ತವೆ. ಕೆರೆ ತುಂಬಿದ್ದರೆ ಹುಲ್ಲೂ ಇಲ್ಲ, ಆನೆಯೂ ಕಡಿಮೆ. ಹಾಗಾಗಿ ಟಿಕೆಟ್ ಕೊಳ್ಳುವ ಮೊದಲು, ನಿನ್ನೆ ಆನೆ ಕಂಡಿದ್ದು ಇಲ್ಲೋ ಹತ್ತಿರದ ಕೌಡುಲ್ಲಾ ಉದ್ಯಾನದಲ್ಲೋ ಅಂತ ಜೀಪಿನವರನ್ನು ವಿಚಾರಿಸಿ.

ಕ್ಯಾಂಡಿ ನಗರದ ಬೌದ್ಧ ಮೆರವಣಿಗೆ ಉತ್ಸವ ಎಸಲ ಪೆರಹೆರ ಜುಲೈ-ಆಗಸ್ಟ್‌ನಲ್ಲೇ ಬರುತ್ತದೆ, ಹುಣ್ಣಿಮೆ ನೋಡಿಕೊಂಡು ದಿನಾಂಕ ಬದಲಾಗುತ್ತದೆ. ಆ ದಿನಗಳಲ್ಲಿ ರೂಮು ಸಿಗುವುದು ಕಷ್ಟ, ಈಗಲೇ ಕಾದಿರಿಸಿ.

ಡಿಸೆಂಬರ್‌ಗೇ ಹೋಗುವುದಾದರೆ ಎಲ್ಲ ತಿರುಗುಮುರುಗು: ಮಳೆ ಪೂರ್ವಕ್ಕೆ, ಈಜು ಪಶ್ಚಿಮಕ್ಕೆ. ಅಕ್ಟೋಬರ್-ನವೆಂಬರ್ ಮಾತ್ರ ಬೇಡ, ಆಗ ಮಧ್ಯಾಹ್ನದ ಗುಡುಗು ಮಳೆ ಎರಡೂ ಕಡೆ ಕಾಡುತ್ತದೆ.