ದುಬೈಗೆ ಹೊರಟ ಜೆಸಿಬಿ ತಮ್ಮನಿಗೆ

ತಮ್ಮಾ, ನಿನ್ನ ಮೆಸೇಜ್ ಓದಿದೆ. ಬಂಗಾರಪೇಟೆ ಹತ್ತಿರ ಎಕ್ಸ್‌ಪ್ರೆಸ್‌ವೇ ಕೆಲಸದಲ್ಲಿ ಎರಡು ವರ್ಷ ಜೆಸಿಬಿ ಓಡಿಸಿದ್ದೀಯ, ದುಬೈನಲ್ಲಿ ರಸ್ತೆ ಕೆಲಸಕ್ಕೆ ವೀಸಾ ಬಂದಿದೆ. ‘ಅಲ್ಲಿ ಜೀವನ ಹೇಗಣ್ಣಾ, ಕೆಲಸ ಕಷ್ಟಾನಾ?’ ಅಂತ ಕೇಳಿದ್ದೀಯ. ನಾನು ಮುಳಬಾಗಿಲಿನವನು, ಬಂದು ಹನ್ನೊಂದು ವರ್ಷ ಆಯಿತು.

ರೂಮಿನಲ್ಲಿ ಆರು ಜನ ಇರುತ್ತಾರೆ. ರಾಗಿ ಹಿಟ್ಟು ಸಿಗುತ್ತದೆ, ಮುದ್ದೆ ನೀನೇ ಕಟ್ಟಿಕೊಳ್ಳಬೇಕು. ಊರಿನ ಲೈಸೆನ್ಸ್ ಇಲ್ಲಿ ನಡೆಯುವುದಿಲ್ಲ, ಟೆಸ್ಟ್ ಕೊಟ್ಟು ಇಲ್ಲಿಯದೇ ತೆಗೆದುಕೊಳ್ಳಬೇಕು. ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ, ಅದೂ ಬೇಗ ಅಭ್ಯಾಸ ಆಗುತ್ತದೆ.

ನನಗೆ ಕಷ್ಟ ಆಗಿದ್ದು ರಿವರ್ಸ್. ಊರಲ್ಲಿ ಯಾರೋ ಒಬ್ಬ ಹುಡುಗ ಗಾಡಿ ತಟ್ಟುತ್ತಾ ‘ಬಾ ಬಾ, ರೈಟ್ ರೈಟ್’ ಅಂತಿದ್ದ, ನಾವು ಬರುತ್ತಿದ್ದೆವು. ಇಲ್ಲಿ ಅದಕ್ಕೇ ಅಂತ ಒಬ್ಬ ಇರುತ್ತಾನೆ, ಬ್ಯಾಂಕ್ಸ್‌ಮನ್ ಅನ್ನುತ್ತಾರೆ. ಅವನು ಕಾಣದಿದ್ದರೆ ಗಾಡಿ ಅಲ್ಲಾಡಬಾರದು. ಬಂದ ಎರಡನೇ ತಿಂಗಳು, ಚರಂಡಿ ಪೈಪ್ ಹಾಕುವ ಕಡೆ, ಊಟಕ್ಕೆ ಮುಂಚೆ ಇನ್ನೊಂದು ಟ್ರಿಪ್ ಮುಗಿಸೋಣ ಅಂತ ಅವಸರ ನನಗೆ. ಬ್ಯಾಂಕ್ಸ್‌ಮನ್ ಕನ್ನಡಿಯಲ್ಲಿ ಕಾಣಲಿಲ್ಲ. ಇಲ್ಲೇ ಎಲ್ಲೋ ಇರುತ್ತಾನೆ ಅಂದುಕೊಂಡು ಹಿಂದೆ ತೆಗೆದೆ. ರಿವರ್ಸ್ ಹಾರ್ನ್ ಹೊಡೆದುಕೊಳ್ಳುತ್ತಲೇ ಇತ್ತು. ಅದು ದಿನವಿಡೀ ಹೊಡೆದುಕೊಳ್ಳುತ್ತದೆ, ಯಾರ ಕಿವಿಗೂ ಬೀಳುವುದಿಲ್ಲ. ರೋಲರ್‌ನವನು ಕೂಗಿದ. ಇಳಿದು ನೋಡಿದರೆ ನಮ್ಮವನು ಹಿಂದಿನ ಚಕ್ರದ ಹತ್ತಿರ ಕೂತು ಶೂ ಲೇಸ್ ಕಟ್ಟುತ್ತಿದ್ದ. ಟೈರಿಗೂ ಅವನ ಬೆನ್ನಿಗೂ ಒಂದು ಗೇಣು.

ಫೋರ್‌ಮನ್ ಬೈಯಲಿಲ್ಲ. ಎಂಜಿನ್ ಆಫ್ ಮಾಡಿಸಿ, ಕೀ ಜೇಬಿಗೆ ಹಾಕಿಕೊಂಡ. ನನ್ನನ್ನು ಅದೇ ಜಾಗದಲ್ಲಿ ಕೂರಿಸಿ, ರೋಲರ್‌ನವನನ್ನು ನನ್ನ ಸೀಟಿಗೆ ಹತ್ತಿಸಿ, ‘ಕಾಣ್ತಾನಾ?’ ಅಂದ. ಕಾಣಲ್ಲ ಅಂದ ಅವನು. ಮೂರು ದಿನ ನನಗೆ ಮಷಿನ್ ಕೊಡಲಿಲ್ಲ.

ಬೆಲ್ಟ್ ನೀನು ಹಾಕುವವನಲ್ಲ, ನಾನೂ ಊರಲ್ಲಿ ಹಾಕಿದವನಲ್ಲ. ಪಲ್ಟಿ ಆದರೆ ನೆಗೆದುಬಿಡೋಣ ಅನ್ನುತ್ತಿದ್ದೆವು, ಅಲ್ವಾ? ನೆಗೆದವನ ಮೇಲೆಯೇ ಕ್ಯಾಬಿನ್ ಬೀಳುತ್ತದೆ. ಮೇಲಿನ ಆ ದಪ್ಪ ಚೌಕಟ್ಟು ಕಾಪಾಡುವುದು ಒಳಗೇ ಕೂತವನನ್ನು, ಕೂರಿಸುವುದು ಬೆಲ್ಟ್. ಸಂಜೆ ಹುಡುಗರನ್ನು ಬಕೆಟ್‌ನಲ್ಲಿ ಕೂರಿಸಿಕೊಂಡು ಹೋಗುವುದು, ಬಕೆಟ್ ಎತ್ತಿಟ್ಟೇ ಊಟಕ್ಕೆ ಇಳಿಯುವುದು, ಎಲ್ಲ ಕೋಲಾರದಲ್ಲೇ ಬಿಟ್ಟು ಬಾ. ಇಳಿಯುವಾಗ ಬಕೆಟ್ ನೆಲಕ್ಕೆ, ಕೀ ಜೇಬಿಗೆ. ನೆಲದೊಳಗಿನ ಕೇಬಲ್ ನಕ್ಷೆ ತೋರಿಸದೆ ಅಗಿ ಅಂದರೆ ಸುಮ್ನೆ ಕೂತಿರು.

ಬಿಸಿಲಿಗೆ ಇಲ್ಲಿ ಕಾನೂನೇ ಇದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆವರೆಗೆ ಬಯಲು ಬಿಸಿಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಎಸಿ ಕ್ಯಾಬಿನ್ ಅಂತ ನೀರು ಕುಡಿಯದೆ ಇರಬೇಡ, ಇಳಿದ ತಕ್ಷಣ ತಲೆ ತಿರುಗುತ್ತದೆ.

ಪಾಸ್‌ಪೋರ್ಟ್ ಕಂಪನಿಯವರು ಇಟ್ಟುಕೊಳ್ಳುವ ಹಾಗಿಲ್ಲ, ನಿನ್ನ ಹತ್ತಿರವೇ ಇರಲಿ. ಏಜೆಂಟ್‌ಗೆ ಎಷ್ಟು ಕೊಟ್ಟೆ ಅಂತ ಬರೆದಿಲ್ಲ ನೀನು. ನಮ್ಮ ಸರ್ಕಾರದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಜಾಸ್ತಿ ಕೇಳಿದರೆ ಕೊಡುವ ಮುಂಚೆ ನನಗೆ ಫೋನ್ ಮಾಡು.

ಬರುವಾಗ ಮನೆಯ ಸಾರಿನ ಪುಡಿ ಎರಡು ಕೆಜಿ ತಾ. ಒಂದು ನನಗೆ.