ಕಾರಿದೆ, ಕೊಂಡವರೆಲ್ಲಿ?

ಮಾನ್ಯರೇ,

ಹಳೆಯ ಅಮೆರಿಕನ್ ಕಾರುಗಳನ್ನೂ ಅವುಗಳ ಜಾಹೀರಾತುಗಳನ್ನೂ ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಆ ಕಾರುಗಳ ಮೇಲೆ ನಿಮಗಿರುವ ಪ್ರೀತಿ ಸಾಲುಸಾಲಿನಲ್ಲೂ ಕಾಣುತ್ತದೆ. ಆದರೂ ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. 1908ರ ಫೋರ್ಡ್ ಮಾಡೆಲ್ ಟಿಯಿಂದ 1964ರ ಮಸ್ಟ್ಯಾಂಗ್‌ವರೆಗೆ ಹನ್ನೊಂದು ಕಾರುಗಳನ್ನು ಮೆರವಣಿಗೆ ಹೊರಡಿಸಿದ್ದೀರಿ, ಪ್ರತಿಯೊಂದಕ್ಕೂ ‘ಮನಮೋಹಕ’ ಎಂಬ ಹಾರ ಹಾಕಿದ್ದೀರಿ. ಜಾಹೀರಾತಿನ ಚರಿತ್ರೆ ಬರೆಯುವವರು ಜಾಹೀರಾತಿನ ಭಾಷೆಯನ್ನೇ ಎರವಲು ತಂದರೆ ಓದುಗ ನಂಬುವುದು ಕಷ್ಟ.

ಲೇಖನದಲ್ಲಿ ಲೋಹವಿದೆ, ಬಣ್ಣವಿದೆ, ದುಡ್ಡಿನ ಮಾತೇ ಇಲ್ಲ. 850 ಡಾಲರಿಗೆ ಮಾರಾಟಕ್ಕೆ ಬಂದ ಮಾಡೆಲ್ ಟಿಯ ಬೆಲೆ 1920ರ ದಶಕದ ನಡುವೆ 300 ಡಾಲರಿಗೂ ಕೆಳಗಿಳಿದಿತ್ತು. ಅಷ್ಟು ಅಗ್ಗವಾಗಿದ್ದೂ ಅದು ಷೆವ್ರೊಲೆಯ ಎದುರು ಏಕೆ ಮಂಕಾಯಿತು? ಷೆವ್ರೊಲೆಯ ಒಡೆತನದ ಜನರಲ್ ಮೋಟರ್ಸ್ ಕಂಪನಿಯು ಕೊಳ್ಳುವವರಿಗೆ ಸಾಲ ಒದಗಿಸಲೆಂದೇ 1919ರಲ್ಲಿ ಪ್ರತ್ಯೇಕ ಸಂಸ್ಥೆಯೊಂದನ್ನು ಕಟ್ಟಿತು: ಕಾರನ್ನು ಇಂದೇ ಮನೆಗೆ ಒಯ್ಯಿರಿ, ಕಂತನ್ನು ಆಮೇಲೆ ಕಟ್ಟಿರಿ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂದು ನಂಬಿದ್ದ ಹೆನ್ರಿ ಫೋರ್ಡ್ 1923ರಲ್ಲಿ ತಂದ ಯೋಜನೆ ಇದಕ್ಕೆ ತದ್ವಿರುದ್ಧ. ವಾರಕ್ಕೆ 5 ಡಾಲರಿನಂತೆ ಕೂಡಿಡುತ್ತಾ ಹೋಗಿ, ಬೆಲೆ ಪೂರ್ತಿ ಸಂದಾಯವಾದ ಮೇಲಷ್ಟೇ ಕಾರು ಕೈಗೆ ಬರುತ್ತಿತ್ತು. ಕಾಯುವ ವ್ಯವಧಾನ ಎಷ್ಟು ಜನಕ್ಕಿರುತ್ತದೆ, ನೀವೇ ಹೇಳಿ. ನಿಮ್ಮ ಲೇಖನದ ಬೆನ್ನೆಲುಬು ಇಲ್ಲಿರಬೇಕಿತ್ತು.

ಮಾಡೆಲ್ ಟಿ ಎಂದೂ ಕಪ್ಪು ಬಣ್ಣ ಬಿಟ್ಟು ಬೇರೆಯದರಲ್ಲಿ ಬರಲಿಲ್ಲ ಎಂದಿದ್ದೀರಿ. ಅದು ತಪ್ಪು; ಕಪ್ಪೊಂದೇ ಇದ್ದದ್ದು ಸುಮಾರು 1914ರಿಂದ 1925ರವರೆಗೆ. ಫೋರ್ಡ್ ಕಂಪನಿಯ ಎಡ್ಸೆಲ್ ಕಾರು ಸೋತದ್ದು ಮುಂಭಾಗದ ಜಾಲರಿ ವಿಕಾರವಾಗಿದ್ದರಿಂದ ಎಂಬುದೂ ಅರ್ಧಸತ್ಯ. ಅದು ಮಾರುಕಟ್ಟೆಗೆ ಬಂದ 1957ರ ಸೆಪ್ಟೆಂಬರಿನಲ್ಲಿ ಆರ್ಥಿಕ ಹಿಂಜರಿತ ಶುರುವಾಗಿತ್ತು, ಜೊತೆಗೆ ಅದರ ಬೆಲೆ ಫೋರ್ಡ್ ಕಂಪನಿಯದೇ ಮರ್ಕ್ಯುರಿ ಕಾರಿನ ಬೆಲೆಯೊಡನೆ ತಾಕಲಾಡುತ್ತಿತ್ತು.

ನನಗೆ ಹೆಚ್ಚು ಬೇಸರವಾದದ್ದು ಜೋರ್ಡನ್ ಪ್ಲೇಬಾಯ್ ಕಾರಿಗೆ ನೀವು ಅರ್ಧ ವಾಕ್ಯ ಕೊಟ್ಟು ಮುಂದೆ ಸಾಗಿದ್ದಕ್ಕೆ. 1923ರ ಆ ಜಾಹೀರಾತನ್ನು ಮತ್ತೊಮ್ಮೆ ಎದುರಿಗಿಟ್ಟುಕೊಂಡು ನೋಡಿ. ಬಯಲಿನಲ್ಲಿ ಕುದುರೆ ಸವಾರನೊಬ್ಬನ ಜೊತೆ ಪಂದ್ಯ ಕಟ್ಟಿದಂತೆ ಕಾರು ಓಡಿಸುತ್ತಿರುವ ಹುಡುಗಿಯ ಚಿತ್ರ. ಕೆಳಗಿನ ಬರಹದಲ್ಲಿ ವ್ಯೋಮಿಂಗ್‌ನ ಲ್ಯಾರಮಿ ಊರಿನ ಪಶ್ಚಿಮಕ್ಕೆಲ್ಲೋ ಇರುವ ಆ ಹುಡುಗಿಯ ದಿಟ್ಟತನದ ವರ್ಣನೆ. ಎಂಜಿನ್ನಿನ ಶಕ್ತಿಯ ವಿವರವಿಲ್ಲ, ಬಿಡಿಭಾಗಗಳ ಗುಣಗಾನವಿಲ್ಲ. ಇರಲು ಸಾಧ್ಯವೂ ಇರಲಿಲ್ಲವೆನ್ನಿ: ಕ್ಲೀವ್‌ಲ್ಯಾಂಡಿನ ನೆಡ್ ಜೋರ್ಡನ್ ಬೇರೆಯವರು ತಯಾರಿಸಿದ ಎಂಜಿನ್ನು, ಬಿಡಿಭಾಗಗಳನ್ನು ಕೊಂಡು ಜೋಡಿಸಿ ಮಾರುತ್ತಿದ್ದರು. ಯಂತ್ರದ ಬಗ್ಗೆ ಹೇಳಿಕೊಳ್ಳಲು ಹೆಚ್ಚೇನೂ ಇಲ್ಲದವರು ಬಿಡುಗಡೆಯ ಆಸೆಯನ್ನೇ ಮಾರಿದರು. ಕಂಪನಿ 1930ರ ದಶಕದ ಆರಂಭದಲ್ಲೇ ಮುಚ್ಚಿತು, ಜಾಹೀರಾತು ಮಾತ್ರ ಇಂದಿಗೂ ನೆನಪಿನಲ್ಲಿದೆ.

ಮಸ್ಟ್ಯಾಂಗ್ ಕುರಿತ ಪ್ಯಾರಾ ಹಾಗೆಯೇ ಇರಲಿ. ಸಾಧಾರಣ ಫಾಲ್ಕನ್ ಕಾರಿನ ಭಾಗಗಳ ಮೇಲೆ ಹೊಸ ಮೈಕಟ್ಟು ಕೂರಿಸಿ 2,368 ಡಾಲರಿನ ಆರಂಭಿಕ ಬೆಲೆಗೆ ಮಾರಿದ್ದನ್ನು ವಿಶೇಷಣಗಳಿಲ್ಲದೆ ಹೇಳಿದ್ದೀರಿ. ಅಲ್ಲಿ ನೀವು ನಿಜಕ್ಕೂ ಬರೆದಿದ್ದೀರಿ. ಮಾಡೆಲ್ ಟಿ, ಜೋರ್ಡನ್, ಮಸ್ಟ್ಯಾಂಗ್ ಇಟ್ಟುಕೊಂಡು ಉಳಿದ ಎಂಟು ಕಾರುಗಳನ್ನು ಕೈಬಿಟ್ಟು, ಜೋರ್ಡನ್‌ನಿಂದ ಆರಂಭಿಸಿ, ಕಂತಿನ ಕಥೆಯನ್ನು ನಡುವೆ ತಂದು ಮತ್ತೆ ಕಳುಹಿಸಿ. ಸಾವಿರದ ಇನ್ನೂರು ಪದ ಮೀರದಿದ್ದರೆ ಸಾಕು.

ಇಂತಿ,
ಸಂಪಾದಕ