ಯಾವ ಮಾತಿಗೆ ನಕ್ಕರು?

ಪ್ರಿಯ ಮಿತ್ರರೇ,

ಬ್ರಿಟಿಷರ ವಸಾಹತುಗಳಲ್ಲಿ ಇಂಗ್ಲಿಷ್ ಹಾಸ್ಯ ಸಂಗೀತ ನಾಟಕಗಳು ನಡೆದ ಬಗೆ ಕುರಿತು ನೀವು ಕಳಿಸಿದ ಹನ್ನೊಂದು ಪುಟದ ಲೇಖನ ತಲುಪಿದೆ. ಎರಡು ಸಲ ಓದಿದೆ. ಕನ್ನಡದಲ್ಲಿ ಈ ವಿಷಯ ಮುಟ್ಟಿದವರು ಕಡಿಮೆ. ನೀವು ಓದಿ, ಹುಡುಕಿ, ಶ್ರಮಪಟ್ಟು ಬರೆದಿದ್ದೀರಿ. ಸಂತೋಷ. ಇನ್ನು ಎರಡು ದಿನದಿಂದ ನನ್ನನ್ನು ಕಾಡುತ್ತಿರುವ ವಿಷಯಕ್ಕೆ ಬರುತ್ತೇನೆ.

ಹಡಗಿನ ಮೇಲೆ ನಡೆಯುವ ಇಂಗ್ಲಿಷ್ ಹಾಸ್ಯ ಸಂಗೀತ ನಾಟಕ 'ಪಿನಾಫೋರ್' ಕುರಿತು ನಿಮ್ಮ ಎರಡನೇ ಪುಟದಲ್ಲಿ ಹೀಗಿದೆ: '1879ರ ನವೆಂಬರ್ 15ರಂದು ಸಿಡ್ನಿಯ ಥಿಯೇಟರ್ ರಾಯಲ್‌ನಲ್ಲಿ ಎಚ್.ಎಂ.ಎಸ್. ಪಿನಾಫೋರ್ ಪ್ರದರ್ಶಿಸಲ್ಪಟ್ಟಿತು. ಇದರ ಹಕ್ಕುಗಳು 300 ಪೌಂಡುಗಳಿಗೆ ಪಡೆಯಲ್ಪಟ್ಟಿದ್ದವು. ಹಾಸ್ಯಭರಿತ ಸಂಭಾಷಣೆ ಮತ್ತು ಗೀತೆಗಳಿಂದ ಪ್ರೇಕ್ಷಕರು ಮಂತ್ರಮುಗ್ಧರಾದರು.'

ಮೂರು ವಾಕ್ಯ. ತಾರೀಖು ಸರಿ, ಊರು ಸರಿ, ದುಡ್ಡಿನ ಲೆಕ್ಕವೂ ಸರಿ. ಆದರೆ ಒಬ್ಬ ಮನುಷ್ಯನೂ ಕಾಣುವುದಿಲ್ಲ.

'ಪ್ರದರ್ಶಿಸಲ್ಪಟ್ಟಿತು' ಅಂದರೆ ಯಾರು ಆಡಿದರು? ನಿಮ್ಮ ಮನೆಯಲ್ಲಿ ಯಾರಾದರೂ 'ಅನ್ನ ಬಡಿಸಲ್ಪಟ್ಟಿತು' ಎಂದದ್ದು ಕೇಳಿದ್ದೀರಾ? ಹನ್ನೊಂದು ಪುಟದಲ್ಲಿ ಈ 'ಲ್ಪಟ್ಟ' ಇಪ್ಪತ್ತಾರು ಕಡೆ ಬಂದಿದೆ, ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಎಣಿಸಿದೆ. ಪ್ರತಿ ಸಲವೂ ಅದರ ಬೆನ್ನ ಹಿಂದೆ ಒಬ್ಬ ಮನುಷ್ಯ ಮರೆಯಾಗಿದ್ದಾನೆ. ಇಲ್ಲಿ ಮರೆಯಾದವನು ಜೇಮ್ಸ್ ಕಾಸಿಯಸ್ ವಿಲಿಯಮ್ಸನ್. ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಅಮೆರಿಕನ್ ನಟ. 1874ರಲ್ಲಿ ಹೆಂಡತಿ ಮ್ಯಾಗಿ ಮೂರ್ ಜೊತೆ ಮೆಲ್ಬರ್ನ್‌ನಲ್ಲಿ ಆಡಿ ಹೆಸರು, ಹಣ ಎರಡನ್ನೂ ಗಳಿಸಿ ಹೋಗಿದ್ದ. ಐದು ವರ್ಷದ ಮೇಲೆ ಪಿನಾಫೋರ್ ಹಕ್ಕು ಕೊಂಡುಕೊಂಡು ಮರಳಿ ಬಂದ. ಆ ರಾತ್ರಿ ನೌಕಾಪಡೆಯ ಮಂತ್ರಿ ಸರ್ ಜೋಸೆಫ್ ಪೋರ್ಟರ್ ಪಾತ್ರ ಕಟ್ಟಿದವನು ಅವನೇ. ಕ್ಯಾಪ್ಟನ್ನನ ಮಗಳು ಜೋಸೆಫೀನ್ ಆಗಿ ಹಾಡಿದವಳು ಮ್ಯಾಗಿ ಮೂರ್. ಮಾಲೀಕನೇ ನಟ, ಅವನ ಹೆಂಡತಿಯೇ ನಾಯಕಿ. ಕಂಪನಿ ನಾಟಕ ನೋಡಿ ಬೆಳೆದ ನಮ್ಮ ಓದುಗರಿಗೆ ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಅವರೇ ಕಣ್ಣಮುಂದೆ ತಂದುಕೊಳ್ಳುತ್ತಾರೆ.

'ಪಡೆಯಲ್ಪಟ್ಟಿದ್ದವು' ಇನ್ನೂ ದೊಡ್ಡ ನಷ್ಟ ಮಾಡಿದೆ. ಅದೇ ಹೊತ್ತಿಗೆ ಅಮೆರಿಕದಲ್ಲಿ ಈ ನಾಟಕವನ್ನು ಕಂಡಕಂಡ ಕಂಪನಿಗಳು ಬಿಡಿಗಾಸು ಕೊಡದೆ ಆಡುತ್ತಿದ್ದವು, ಬ್ರಿಟನ್ ಮತ್ತು ಅಮೆರಿಕದ ನಡುವೆ ಹಕ್ಕುಸ್ವಾಮ್ಯದ ಒಪ್ಪಂದವೇ ಇರಲಿಲ್ಲ. ಬೇಸತ್ತ ಅದರ ಕರ್ತೃಗಳು, ಮಾತು ಬರೆದ ಗಿಲ್ಬರ್ಟ್ ಮತ್ತು ಸಂಗೀತ ಕೊಟ್ಟ ಸಲಿವನ್, ತಮ್ಮ ಮುಂದಿನ ನಾಟಕವನ್ನು ಅದೇ ವರ್ಷ ಡಿಸೆಂಬರ್ 31ರಂದು ನ್ಯೂಯಾರ್ಕಿನಲ್ಲೇ ತೆರೆ ಏರಿಸಿದರು. ಅಂಥ ಕಾಲದಲ್ಲಿ ಒಬ್ಬ ಅಮೆರಿಕನ್ 300 ಪೌಂಡು ಎಣಿಸಿ ಕೊಟ್ಟ. 'ವಿಲಿಯಮ್ಸನ್ 300 ಪೌಂಡು ಕೊಟ್ಟು ಹಕ್ಕು ಕೊಂಡ' ಎಂದು ಬರೆದಿದ್ದರೆ ಏಕೆ ಕೊಟ್ಟ ಎಂಬ ಪ್ರಶ್ನೆ ನಿಮಗೇ ಹುಟ್ಟುತ್ತಿತ್ತು.

ಇನ್ನು 'ಹಾಸ್ಯಭರಿತ', 'ಮಂತ್ರಮುಗ್ಧ'. ಈ ಎರಡು ಪದ ಕಂಡರೆ ನನಗೆ ಇವತ್ತಿಗೂ ಒಂದು ರಾತ್ರಿ ನೆನಪಾಗುತ್ತದೆ.

ನನಗಾಗ ಇಪ್ಪತ್ತೆರಡು. ಹುಬ್ಬಳ್ಳಿಯ ಒಂದು ವಾರಪತ್ರಿಕೆಯಲ್ಲಿ ಸೇರಿ ಮೂರು ತಿಂಗಳಾಗಿತ್ತು. ಊರಿಗೆ ಬಂದ ನಾಟಕ ಕಂಪನಿಯ ಆಟ ನೋಡಿ ಬಂದು 'ಪ್ರೇಕ್ಷಕರು ಹೊಟ್ಟೆ ಹುಣ್ಣಾಗುವಂತೆ ನಕ್ಕರು' ಎಂದು ಬರೆದುಕೊಟ್ಟೆ. ನಮ್ಮ ಹಿರಿಯ ಉಪಸಂಪಾದಕರು ಕನ್ನಡಕ ತೆಗೆದಿಟ್ಟು, 'ಯಾವ ಮಾತಿಗೆ ನಕ್ರೋ ತಮ್ಮಾ?' ಅಂದರು. ನನ್ನ ಬಾಯಿಂದ ಮಾತು ಹೊರಡಲಿಲ್ಲ. ನಕ್ಕದ್ದು ನೆನಪಿತ್ತು, ಮಾತು ನೆನಪಿರಲಿಲ್ಲ. ತಮ್ಮ ಜೇಬಿನಿಂದಲೇ ಟಿಕೆಟ್ಟಿನ ದುಡ್ಡು ಕೊಟ್ಟು 'ಇವತ್ತು ಇನ್ನೊಮ್ಮೆ ಹೋಗಿ ಬಾ' ಎಂದು ಕಳಿಸಿದರು. ಆ ರಾತ್ರಿ ತಗಡಿನ ಥಿಯೇಟರಿನಲ್ಲಿ ಹಾರ್ಮೋನಿಯಂ ಮಾಸ್ತರರ ಬಗಲಿಗೆ ಕೂತೆ. ಹಾಸ್ಯಗಾರ ಸಾಲ ಕೊಟ್ಟವನ ಮುಂದೆ 'ನಾ ಸುಳ್ಳು ಹೇಳಾಂವಲ್ರೀ' ಎಂದು ಸುಮ್ಮನೆ ನಿಂತ. ಮಾಸ್ತರರು ಹಾರ್ಮೋನಿಯಂನ ಒಂದೇ ಒಂದು ಮನೆ ಒತ್ತಿದರು. ಹಾಸ್ಯಗಾರ ಮೆಲ್ಲಗೆ ಆ ಕಡೆ ತಿರುಗಿ ಪೆಟ್ಟಿಗೆಯನ್ನು ದಿಟ್ಟಿಸಿದ. ಜನ ಕುರ್ಚಿಯಿಂದ ಎದ್ದು 'ವನ್ಸ್ ಮೋರ್' ಕೂಗಿದರು. ನಗು ಇದ್ದದ್ದು ಮಾತಿನಲ್ಲಲ್ಲ, ಆ ಒಂದು ಸ್ವರದಲ್ಲಿ. ಅದನ್ನು ಬರೆದುಕೊಂಡು ಹೋದೆ. ಅಚ್ಚಾಯಿತು.

ಹಾಗಾಗಿ ನಿಮ್ಮನ್ನೂ ಕೇಳುತ್ತೇನೆ: ಸಿಡ್ನಿಯವರು ಯಾವ ಮಾತಿಗೆ ನಕ್ಕರು?

ಉತ್ತರ ನೀವು ಓದಿದ ನಾಟಕದೊಳಗೇ ಇದೆ. ಸರ್ ಜೋಸೆಫ್ ತನ್ನ ಕಥೆ ತಾನೇ ಹಾಡುತ್ತಾನೆ. ಹುಡುಗನಾಗಿದ್ದಾಗ ವಕೀಲರ ಆಫೀಸಿನಲ್ಲಿ ಕಿಟಕಿ ಒರೆಸಿ, ನೆಲ ಗುಡಿಸಿ, ಮುಂಬಾಗಿಲ ಹಿಡಿಕೆ ತಿಕ್ಕಿ ಫಳಫಳ ಮಾಡಿದನಂತೆ. ಎಷ್ಟು ಚೆನ್ನಾಗಿ ತಿಕ್ಕಿದನೆಂದರೆ ಈಗ ರಾಣಿಯ ನೌಕಾಪಡೆಗೇ ಒಡೆಯ. ಬಡ್ತಿ ಸಿಕ್ಕಿ ಆ ಆಫೀಸಿನಲ್ಲೇ ಪಾಲುದಾರನಾದ. ಅವನು ಕಂಡಿದ್ದ ಒಂದೇ 'ಶಿಪ್ಪು' ಆ ಪಾರ್ಟ್‌ನರ್‌ಶಿಪ್ಪು! ಇದು ಕನ್ನಡಕ್ಕೆ ಅನಾಯಾಸವಾಗಿ ಬರುವ ಚಮತ್ಕಾರ. ಕೈಗೆ ಸಿಕ್ಕಿದ್ದನ್ನು ಬಿಟ್ಟು 'ಹಾಸ್ಯಭರಿತ' ಎಂದು ಬರೆದಿರಿ. ಲಂಡನ್ನಿನವರ ನಗುವಿಗೆ ಇನ್ನೊಂದು ಕಾರಣವಿತ್ತು: 1877ರಲ್ಲಿ ಪ್ರಧಾನಿ ಡಿಸ್ರೇಲಿ ರೈಲು ನಿಲ್ದಾಣಗಳಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದ ಡಬ್ಲ್ಯೂ. ಎಚ್. ಸ್ಮಿತ್ ಅವರನ್ನು ನೌಕಾಪಡೆಯ ಮಂತ್ರಿ ಮಾಡಿದ್ದರು. ಜನ ಅವರನ್ನು 'ಪಿನಾಫೋರ್ ಸ್ಮಿತ್' ಎಂದೇ ಕರೆದರು.

ಇನ್ನೊಂದು ಕಡೆ ಕ್ಯಾಪ್ಟನ್ ಎದೆಯುಬ್ಬಿಸಿ, ಸಮುದ್ರದ ಮೇಲೆ ತನಗೆ ಎಂದೂ ಹೊಟ್ಟೆ ತೊಳಸಿಲ್ಲ ಅನ್ನುತ್ತಾನೆ. ನಾವಿಕರು ಒಕ್ಕೊರಲಿನಿಂದ 'ಎಂದೂ ಇಲ್ವಾ?' ಅನ್ನುತ್ತಾರೆ. 'ಇಲ್ಲ, ಎಂದೂ ಇಲ್ಲ.' ಮತ್ತೆ 'ಎಂದೂ ಇಲ್ವಾ?' ಆಗ ಕ್ಯಾಪ್ಟನ್: 'ಹ್ಞಾಂ... ಅಪರೂಪಕ್ಕೊಮ್ಮೆ.' ಸಿಡ್ನಿಯ ಆ ಸಭಾಂಗಣದಲ್ಲಿ ಕೂತವರಲ್ಲಿ ಬಹಳ ಜನ, ಇಲ್ಲವೇ ಅವರ ಹೆತ್ತವರು, ತಿಂಗಳುಗಟ್ಟಲೆ ಹಡಗಿನಲ್ಲಿ ವಾಂತಿ ಮಾಡಿಕೊಳ್ಳುತ್ತ ಆ ದಡ ಮುಟ್ಟಿದವರು. ಅದೇ ಮಾತು ಲಂಡನ್ನಿನಲ್ಲಿ ಒಂದು ಥರ, ಸಿಡ್ನಿಯಲ್ಲಿ ಇನ್ನೊಂದು ಥರ ತಟ್ಟುತ್ತದೆ. ವಸಾಹತಿನ ರಂಗಭೂಮಿ ಕುರಿತು ಬರೆಯುವವರು ಹಿಡಿಯಬೇಕಾದದ್ದು ಇದನ್ನೇ. ಮಂತ್ರಮುಗ್ಧರಾದವರು ಸುಮ್ಮನೆ ಕೂತಿರುತ್ತಾರೆ ಮಿತ್ರರೇ. ಇವರು ಸುಮ್ಮನೆ ಕೂತವರಲ್ಲ.

ಲೇಖನದ ಕೊನೆಗೆ 'ಈ ಹಾಸ್ಯವನ್ನು ಕನ್ನಡಕ್ಕೆ ತರುವುದು ಅಸಾಧ್ಯ' ಎಂದಿದ್ದೀರಿ. ಕೈಲಾಸಂ ಅವರನ್ನು ಮರೆತಿರಾ? ಲಂಡನ್ನಿನಲ್ಲಿ ಭೂಗರ್ಭಶಾಸ್ತ್ರ ಓದಿ ಬಂದ ಅವರು ಅಲ್ಲಿನ ಮ್ಯೂಸಿಕ್ ಹಾಲ್ ಹಾಡಿನ ಟಿಪ್ಪರರಿಯನ್ನು ನಮ್ಮ ತಿಪ್ಪಾರಳ್ಳಿ ಮಾಡಿದರು. ಧಾಟಿ ಅಲ್ಲಿಯದು, ಊರು ನಮ್ಮದು. ಆ ವಾಕ್ಯ ಹೊಡೆದುಹಾಕಿ.

ಒಂಬತ್ತನೇ ಪುಟದಲ್ಲಿ ನನ್ನ ನಿದ್ದೆ ಕೆಡಿಸಿದ ನಾಲ್ಕು ಸಾಲಿವೆ. ಮಾರಿಸ್ ಬ್ಯಾಂಡ್‌ಮನ್ ಜಿಬ್ರಾಲ್ಟರಿನಿಂದ ಜಪಾನಿನವರೆಗೆ ಇಂಗ್ಲಿಷ್ ನಾಟಕ ಕಂಪನಿಗಳನ್ನು ಓಡಿಸಿದವನು, 1908ರಲ್ಲಿ ಕಲ್ಕತ್ತೆಯ ಎಂಪೈರ್ ಥಿಯೇಟರ್ ತೆರೆದವನು, ಜಹಾಂಗೀರ್ ಕರಾಕಾ ಜೊತೆಗೂಡಿ ಮುಂಬಯಿಯ ರಾಯಲ್ ಆಪೆರಾ ಹೌಸ್ ಎಬ್ಬಿಸಿದವನು. ಅವನ ನಟರು ರಾತ್ರಿಗೊಂದು ನಾಟಕ ಬದಲಿಸುತ್ತಿದ್ದರು ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ನಿಲ್ಲಿ. ಲಂಡನ್ನಿನಲ್ಲಿ 'ದಿ ಗೀಷಾ' ಒಂದೇ ನಾಟಕ 760 ಸಲ ಆಡಿತು, ಅಲ್ಲಿ ದಿನವೂ ಹೊಸ ಜನ. ಕಲ್ಕತ್ತೆಯಲ್ಲಿ ಟಿಕೆಟ್ಟು ಕೊಳ್ಳುವ ಯುರೋಪಿಯನ್ನರು ಬೆರಳೆಣಿಕೆಯಷ್ಟು, ನಿನ್ನೆ ಬಂದವರೇ ಇವತ್ತೂ ಬರಬೇಕು. ಅದಕ್ಕೇ ನಾಟಕ ಬದಲಾಗಬೇಕು. ಹತ್ತಾರು ನಾಟಕದ ಹಾಡು, ಮಾತು, ಕುಣಿತ ಎಲ್ಲವನ್ನೂ ತಲೆಯಲ್ಲಿಟ್ಟುಕೊಂಡು, ಅಷ್ಟಕ್ಕೂ ಬೇಕಾದ ಪರದೆ, ಉಡುಪುಗಳ ಪೆಟ್ಟಿಗೆ ಹೇರಿಕೊಂಡು, ಹಡಗಿನಿಂದ ರೈಲಿಗೆ, ರೈಲಿನಿಂದ ಹಡಗಿಗೆ ಹತ್ತುತ್ತಿದ್ದ ಆ ಹುಡುಗಿಯರು ಯಾರು? ಸಂಬಳ ಎಷ್ಟು? ಕಾಯಿಲೆ ಬಿದ್ದರೆ ಯಾರು ನೋಡಿಕೊಳ್ಳುತ್ತಿದ್ದರು?

ಇದನ್ನು ಮೊದಲ ಪುಟಕ್ಕೆ ತನ್ನಿ. ಸಿಡ್ನಿಯನ್ನು ಎರಡನೆಯದಾಗಿ ಇಡಿ. ಮಿಕ್ಕ ಆರು ಪುಟ ಬಿಟ್ಟುಬಿಡಿ. ಇಪ್ಪತ್ತಾರು 'ಲ್ಪಟ್ಟ'ಗಳನ್ನೂ ಬಿಡಿಸಿ, ಒಂದೊಂದರ ಹಿಂದಿರುವವರ ಹೆಸರು ಬರೆದು ಆಗಸ್ಟ್ ಕೊನೆಯೊಳಗೆ ಕಳಿಸಿ. ದೀಪಾವಳಿ ಸಂಚಿಕೆಯಲ್ಲಿ ಐದು ಪುಟ ನಿಮಗಾಗಿ ತೆಗೆದಿಟ್ಟಿದ್ದೇನೆ.

ನಿಮ್ಮ,
ಸಂಪಾದಕ